ಸ್ಟೇಷನ್ ಮಾಸ್ಟರ ಖಾಲಿ ಮನೆ

ತೂಬಗೆರೆಯ ಆದಿನಾರಾಯಣಪ್ಪನಿಗೆ ಕಿವಿ ಮಂದವಾದದ್ದು ಒಂದೇ ದಿನದಲ್ಲಲ್ಲ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತಮೂರು ವರ್ಷ ಮಗ್ಗ ನಡೆಸಿದವನು ಅವನು. ಹನ್ನೆರಡು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವನು ಕಿರುಚಿದರೂ ಕೇಳಿಸದು. ಅಲ್ಲಿ ಎಲ್ಲ ಕೆಲಸವೂ ಕೈಸನ್ನೆ, ಕಣ್ಸನ್ನೆಯಲ್ಲೇ ಸಾಗುತ್ತಿತ್ತು. ಹಾಗಾಗಿ ಕಿವಿ ಯಾವಾಗ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಶೆಡ್ಡು ಮುಚ್ಚಿ, ಮನೆಗೆ ಬಂದು ಕೂತ ಮೇಲೆ, ಸದ್ದಿಲ್ಲದ ಜಾಗದಲ್ಲೂ ತನಗೆ ಏನೂ ಕೇಳಿಸುತ್ತಿಲ್ಲ ಅನ್ನುವುದು ಅರಿವಿಗೆ ಬಂತು. ಶಿಬಿರವೊಂದರಲ್ಲಿ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟಿದ್ದರು. ಹಾಕಿಕೊಂಡರೆ ತಟ್ಟೆಯ ಸದ್ದು, ಮಿಕ್ಸಿಯ ಸದ್ದು, ಹಸು ಮೈಕೊಡವಿದ ಸದ್ದು ಎಲ್ಲ ಒಂದೇ ಸಮ ತಲೆಗೆ ನುಗ್ಗುತ್ತಿದ್ದವು. ಮಾತು ಮಾತ್ರ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಅದು ಡಬ್ಬಿಯೊಳಗೆ ಹೋಗಿ ಗೂಡು ಸೇರಿತು.

ಎಡಗಿವಿಯ ಹತ್ತಿರ ಬಂದು ನಿಧಾನವಾಗಿ ಮಾತಾಡಿದರೆ ಅವನಿಗೆ ತಿಳಿಯುತ್ತಿತ್ತು. ಆದರೆ ನಾಲ್ಕು ಜನ ಒಟ್ಟಿಗೆ ಊಟಕ್ಕೆ ಕೂತಾಗ ಯಾರು ತಾನೇ ಎದ್ದು ಬಂದು ಕಿವಿಯಲ್ಲಿ ಹೇಳುತ್ತಾರೆ?

ಆ ಭಾನುವಾರ ಹಾಗೇ ಆಯಿತು. ಅವರೆಕಾಳಿನ ಸಾರು, ಮುದ್ದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುವ ಮಗ ವಿಜಯನಿಗೆ ವಾರಕ್ಕೊಂದೇ ರಜೆ. ಅವನು ತುತ್ತು ನುಂಗಿ ಏನೋ ಹೇಳಿದ. ಸೊಸೆ ಯಶಸ್ವಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೆಂಡತಿ ಅಕ್ಕಯಮ್ಮ ಅದಕ್ಕೊಂದು ಮಾತು ಸೇರಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆದಿನಾರಾಯಣಪ್ಪನೂ ಮುಖ ಅಗಲ ಮಾಡಿದ. ಆಮೇಲೆ ಕೇಳಿದ.

“ಏನಂತೆ?”

“ಏನಿಲ್ಲ ಬಿಡಿ.”

ಅಕ್ಕಯಮ್ಮ ಕೆಟ್ಟವಳಲ್ಲ. ಮೊದಮೊದಲು ಪ್ರತಿಯೊಂದನ್ನೂ ಮೂರು ಸಲ ಕೂಗಿ ಹೇಳುತ್ತಿದ್ದಳು. ಆದರೆ ನಗೆಮಾತನ್ನು ಮೂರು ಸಲ ಕೂಗಿದರೆ ಅದರಲ್ಲಿ ನಗು ಉಳಿಯುವುದಿಲ್ಲ. ಮನೆಗೆ ಬೇಕಾದ ಮಾತು ಮಾತ್ರ ಅವನವರೆಗೆ ಬರುತ್ತಿತ್ತು: ಹಸು ಕಟ್ಟಿ, ಬಾಗಿಲು ಹಾಕಿ, ಊಟಕ್ಕೆ ಬನ್ನಿ.

ಯಶಸ್ವಿನಿ ಹೊಸಕೋಟೆ ಕಡೆಯವಳು. ಮದುವೆಯಾಗಿ ಒಂದೂವರೆ ವರ್ಷ. ದೊಡ್ಡಬಳ್ಳಾಪುರದ ಸ್ಟುಡಿಯೋ ಒಂದಕ್ಕೆ ಮದುವೆ ಆಲ್ಬಮ್‌ಗಳನ್ನು ಮನೆಯಲ್ಲೇ ಕೂತು ಮಾಡಿಕೊಡುತ್ತಿದ್ದಳು. ಬೆಳಗ್ಗೆಯೆಲ್ಲ ಯಾರದೋ ಧಾರೆ, ಯಾರದೋ ಆರತಕ್ಷತೆ. ಆ ಕೆಲಸಕ್ಕೆಂದು ತವರಿನಿಂದ ಬರುವಾಗಲೇ ದೊಡ್ಡ ಕಂಪ್ಯೂಟರ್ ತಂದಿದ್ದಳು. ಅದು ಬೀದಿ ಬದಿಯ ಕೋಣೆಯಲ್ಲಿ ಕೂತಿತ್ತು.

ಒಂದು ಮಧ್ಯಾಹ್ನ ಮೋಡ ಕವಿಯಿತು. ತಾರಸಿಯ ಮೇಲೆ ಬಟ್ಟೆ ಒಣಹಾಕಿದ್ದಾಳೆ, ಹೇಳೋಣ ಎಂದು ಆದಿನಾರಾಯಣಪ್ಪ ಸೊಸೆಯ ಕೋಣೆಯ ಬಾಗಿಲಿಗೆ ಬಂದು ಕರೆದ. ಅವಳು ತಿರುಗಲಿಲ್ಲ. ಎರಡು ಕಿವಿಗೂ ಹೆಡ್‌ಫೋನ್ ಹಾಕಿಕೊಂಡಿದ್ದಳು. ಇವಳಿಗೂ ಕೇಳಿಸುತ್ತಿಲ್ಲ ಎಂದುಕೊಂಡು ಒಳಗೆ ಹೋದವನು ಪರದೆ ನೋಡಿ ಅಲ್ಲೇ ನಿಂತುಬಿಟ್ಟ.

ಬೆಟ್ಟದ ಮೇಲೊಂದು ರೈಲ್ವೆ ಸ್ಟೇಷನ್. ಹಳಿಗಳ ಮೇಲೆ ಮಂಜು. ಹಂಚಿನ ಮನೆಯೊಂದರ ಕಿಟಕಿಯಿಂದ ಹಳದಿ ಬೆಳಕು ಬಿದ್ದಿತ್ತು, ಬೆಳಕಿನ ಕೋಲಿನೊಳಗೆ ಧೂಳಿನ ಕಣ ತೇಲುತ್ತಿತ್ತು. ಗಾಳಿಗೆ ಹುಲ್ಲು ಬಾಗಿ ಏಳುತ್ತಿತ್ತು. ಸಿನಿಮಾ ಇರಬೇಕು ಎಂದುಕೊಂಡ. ಆದರೆ ಯಶಸ್ವಿನಿಯ ಕೈ ಸರಿದಂತೆ ಆ ಊರೂ ಸರಿಯುತ್ತಿತ್ತು. ಅವಳು ಬಾಗಿಲ ಮುಂದೆ ನಿಂತರೆ ಬಾಗಿಲು ತೆರೆಯುತ್ತಿತ್ತು.

“ಇದ್ ಯಾವೂರವ್ವ?”

ಅವಳು ಬೆಚ್ಚಿಬಿದ್ದು ಹೆಡ್‌ಫೋನ್ ಕಿತ್ತಳು. “ಅಯ್ಯೋ ಮಾವ! ಇದು ಗೇಮು.” ಅವನಿಗೆ ತಿಳಿಯಲಿಲ್ಲವೆಂದು ಕಂಡು, ಮುಖ ಅವನ ಕಡೆ ತಿರುಗಿಸಿ ನಿಧಾನವಾಗಿ ಅಂದಳು, “ಆಟ.”

“ಗುಂಡು ಹೊಡ್ಯೋದಾ?”

“ಇಲ್ಲ ಮಾವ, ಇದ್ರಲ್ಲಿ ಯಾರ್ನೂ ಹೊಡ್ಯಲ್ಲ. ಹುಡುಕ್ಬೇಕು.”

“ಏನ್ನ?”

“ಸ್ಟೇಷನ್ ಮಾಸ್ಟರು, ಹೆಂಡ್ತಿ, ಎರಡು ಮಕ್ಳು, ಅಜ್ಜಿ. ಒಂದಿನ ಊಟಕ್ಕೆ ಕೂತೋರು ಹಂಗೇ ಎದ್ದು ಹೋಗ್ಬಿಟ್ಟವ್ರೆ. ವಾಪಸ್ ಬಂದೇ ಇಲ್ಲ. ನಾವು ಈ ಮನೆಗೆ ಬೀಗ ಹಾಕಕ್ಕೆ ಬಂದಿರೋ ಆಫೀಸರು. ಅವ್ರು ಯಾಕೆ ಹೋದ್ರು ಅಂತ ತಿಳ್ಕೋಬೇಕು.”

ಅವಳು ಊಟದ ಮನೆ ತೋರಿಸಿದಳು. ಐದು ತಟ್ಟೆ. ಒಂದರಲ್ಲಿ ಮುಟ್ಟದ ಅನ್ನ. ಲೋಟ ಮಗುಚಿ ನೀರು ಚೆಲ್ಲಿ ಒಣಗಿದ ಗುರುತು. ಮರದ ಮೆಟ್ಟಿಲ ಮೇಲೆ ಕಂದು ಕಲೆ. ಆದಿನಾರಾಯಣಪ್ಪ ಕುರ್ಚಿ ಎಳೆದುಕೊಂಡು ಕೂತ. ಬಟ್ಟೆ ಎಲ್ಲ ನೆನೆದು ತೊಪ್ಪೆಯಾಯಿತು.

ಅಂದು ಸಂಜೆ ಅಡುಗೆಮನೆಯಲ್ಲಿ ಜಗಳ. ಅಕ್ಕಯಮ್ಮನ ಗಂಟಲು ಗೋಡೆ ದಾಟುವಂಥದ್ದು. ಯಶಸ್ವಿನಿಯದು ಹತ್ತಿರ ನಿಂತರೂ ಕೇಳದು. ಆದಿನಾರಾಯಣಪ್ಪನಿಗೆ ಸಿಕ್ಕಿದ್ದು ಅರ್ಧ ಜಗಳ.

“ಹಾಡ್ಹಗಲೇ ಆಟ ಆಡ್ತಾ ಕೂತ್ಕೊಂಡ್ರೆ ಮನೆ ಉದ್ಧಾರ ಆಯ್ತದಾ?”

ಏನೋ ಉತ್ತರ.

“ಕೆಲ್ಸ ಮಾಡ್ಬೇಡ ಅಂದ್ನಾ ನಾನು? ಬಟ್ಟೆ ತೆಗಿ ಅಂದೆ!”

ಮತ್ತೇನೋ ಉತ್ತರ.

“ಅವ್ರಿಗೆ ಕಿವಿ ಕೇಳಲ್ಲ, ನಿಂಗೇನಾಗಿತ್ತು?”

ಅವನು ಎದ್ದು ಹೋಗಿ, “ತಪ್ಪು ನಂದು ಕಣೇ. ಹೇಳಕ್ಕೆ ಹೋದೋನು ನಾನೇ ಮರ್ತೆ,” ಅಂದ. ಅಕ್ಕಯಮ್ಮ ಒಮ್ಮೆ ಅವನನ್ನು, ಒಮ್ಮೆ ಸೊಸೆಯನ್ನು ನೋಡಿ, ಸಾರಿಗೆ ಉಪ್ಪು ಹಾಕಿದಳು.

ಮಾರನೆಯ ದಿನದಿಂದ ಅವನು ಊಟ ಮುಗಿಸಿ ಕಾಯತೊಡಗಿದ. ಎರಡೂವರೆಗೆ ಅಕ್ಕಯಮ್ಮ ಮೇವು ತರಲು ಹೊಲದ ಕಡೆ ಹೋಗುತ್ತಿದ್ದಳು. ನಾಲ್ಕಕ್ಕೆ ಬಂದು ಹಾಲು ಕರೆದು ಡೇರಿಗೆ ಹಾಕುತ್ತಿದ್ದಳು. ಆ ಒಂದೂವರೆ ಗಂಟೆ ಯಶಸ್ವಿನಿಗೂ ಬಿಡುವು. ಮೊದಲೆರಡು ದಿನ ಅವನು ಬಾಗಿಲಲ್ಲಿ ನಿಂತ. ಮೂರನೆಯ ದಿನ ಅವಳೇ ಎರಡನೇ ಕುರ್ಚಿ ಹಾಕಿದ್ದಳು.

ನಾಲ್ಕು ದಿನ ಅವರು ಮಾಸ್ಟರ ಹೆಂಡತಿಯ ಕೋಣೆಯಲ್ಲೇ ಸಿಕ್ಕಿಬಿದ್ದರು. ಮುಂದಿನ ಬಾಗಿಲಿನ ಕೀಲಿ ಎಲ್ಲಿಯೂ ಇರಲಿಲ್ಲ. ಯಶಸ್ವಿನಿ ಪೆಟ್ಟಿಗೆ ತೆರೆದಳು, ಹಾಸಿಗೆ ಎತ್ತಿದಳು, ಗಡಿಯಾರದ ಹಿಂದೆ ನೋಡಿದಳು. “ಬೇಜಾರಾಗೋಯ್ತು ಮಾವ, ನಾಳೆ ನೋಡಣ,” ಎಂದು ನಿಲ್ಲಿಸಲು ಹೊರಟಾಗ ಆದಿನಾರಾಯಣಪ್ಪ ಕಿಟಕಿಯತ್ತ ಬೆರಳು ತೋರಿದ.

“ಆ ಪರ್ದೆ ಹತ್ರ ಹೋಗವ್ವ. ಇನ್ನೂ ಹತ್ರ.”

ಹೂ ನೇಯ್ದ ಎರಡು ಪರದೆಗಳು. ಅವಳಿಗೆ ಎರಡೂ ಒಂದೇ ಥರ ಕಂಡವು.

“ಬಲಗಡೇದು ಉಲ್ಟಾ ಐತೆ ನೋಡು. ಎಡಗಡೆ ಹೂವು ಗಟ್ಟಿಯಾಗಿ ಕೂತೈತೆ. ಇದ್ರಲ್ಲಿ ಹೂವಿನ ಮೇಲೆ ಎಳೆ ಸಡ್ಲಾಗಿ ಓಡೈತೆ. ಅದು ಬಟ್ಟೆ ಒಳಮಗ್ಗುಲು. ಯಾರೋ ಬಿಚ್ಚಿ ಗಡಿಬಿಡೀಲಿ ಮತ್ತೆ ಕಟ್ಟವ್ರೆ.”

ಯಶಸ್ವಿನಿ ಪರದೆಯ ಅಂಚನ್ನು ಒತ್ತಿದಳು. ಮಡಿಕೆ ಬಿಚ್ಚಿಕೊಂಡಿತು. ಒಳಗೆ ಹೊಲಿದಿಟ್ಟ ಕೀಲಿ, ಜೊತೆಗೆ ಒಂದು ಕಾಗದ. ಅವಳು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು. “ಮಾವ! ನಾಲ್ಕು ದಿನದಿಂದ ನೋಡ್ತಿದೀನಿ ನಾನು!”

ಆ ಆಟ ಮಾಡಿದವರು ಯಾವ ದೇಶದವರೋ. ಆದರೆ ಬಟ್ಟೆಯ ಒಳಮೈ ಹೇಗಿರುತ್ತದೆಂದು ಬಲ್ಲವನೊಬ್ಬ ಅವರಲ್ಲಿ ಇದ್ದಾನೆ ಅನ್ನುವುದು ಆದಿನಾರಾಯಣಪ್ಪನಿಗೆ ಖಚಿತವಾಯಿತು. ಶೆಡ್ಡು ಬಿಟ್ಟ ಮೇಲೆ ಅವನ ಕಸುಬನ್ನು ಯಾರೂ ಏನೂ ಕೇಳಿರಲಿಲ್ಲ.

ಯಶಸ್ವಿನಿ ಅವನ ಕೈಗೆ ಮೌಸ್ ಕೊಟ್ಟಳು. ಎಡಗೈ ಬೆರಳಿಗೆ ಒಂದು ಗುಂಡಿ ತೋರಿಸಿ, “ಇದ ಒತ್ತಿದ್ರೆ ನಡೀತೀರ,” ಅಂದಳು. ಮೊದಲ ದಿನ ಅವನು ಗೋಡೆಗೆ ಹಾಯ್ದ, ಬಾವಿಕಟ್ಟೆ ಸುತ್ತ ತಿರುಗಿದ, ಆಕಾಶ ನೋಡುತ್ತ ನಿಂತ. ವಾರದೊಳಗೆ ಕೈ ಪಳಗಿತು.

ಕಂಪ್ಯೂಟರ್ ಪರದೆಯ ಕೆಳಗೆ ಆಗಾಗ ಇಂಗ್ಲಿಷ್ ಅಕ್ಷರ ಮೂಡಿ ಮಾಯವಾಗುತ್ತಿದ್ದವು. “ಯಾರೂ ಇಲ್ಲದ ಮನೇಲಿ ಯಾರು ಮಾತಾಡ್ತವ್ರೆ?” ಎಂದು ಒಂದು ದಿನ ಕೇಳಿದ.

“ಮಾತಲ್ಲ ಮಾವ. ಸದ್ದು. ಈಗ ಬಂತಲ್ಲ, ಅದು ‘ಬಾಗಿಲು ಕಿರುಗುಟ್ಟುತ್ತಿದೆ’ ಅಂತ. ಇದು ‘ದೂರದಲ್ಲಿ ನಾಯಿ ಬೊಗಳುತ್ತಿದೆ’.”

“ಸದ್ದನ್ನ ಯಾಕೆ ಬರೀತಾರೆ?”

ಅವಳು ಸ್ವಲ್ಪ ತಡೆದಳು. “ಕೇಳಿಸ್ದೆ ಇರೋರೂ ಆಡ್ತಾರಲ್ಲ, ಅದಕ್ಕೆ.”

ಆದಿನಾರಾಯಣಪ್ಪ ಕೈ ನಿಲ್ಲಿಸಿ ಪರದೆಯನ್ನೇ ನೋಡಿದ. ದೂರದ ನಾಯಿಯ ಸದ್ದನ್ನು ಕೂಡ ಬಿಡದೆ ಬರೆದಿದ್ದರು. ಅಂದಿನಿಂದ ಅವಳು ಅವನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಅಕ್ಷರ ಮೂಡಿದಂತೆಲ್ಲ ಕನ್ನಡದಲ್ಲಿ ಬರೆದು ತೋರಿಸತೊಡಗಿದಳು. ಗಡಿಯಾರ. ಮಳೆ. ಮೇಲ್ಮಹಡಿಯಲ್ಲಿ ಹೆಜ್ಜೆ.

ಕಿಟಕಿಯ ಪರದೆಯಲ್ಲಿ ಸಿಕ್ಕ ಕಾಗದ ಮಾಸ್ಟರ ಹೆಂಡತಿ ತನ್ನ ಅಕ್ಕನಿಗೆ ಬರೆದದ್ದು. ಈ ಬೆಟ್ಟದಲ್ಲಿ ನನ್ನಿಂದ ಬದುಕಲಾಗದು ಎಂದಿತ್ತು. ಬಾವಿಯ ಹಗ್ಗ ಯಾರೋ ಕೊಯ್ದಿದ್ದರು. “ಗಂಡನೇ ಏನೋ ಮಾಡವ್ನೆ ಕಣವ್ವ,” ಎಂದು ಅವನು. “ನಂಗೆ ಅಜ್ಜಿ ಮೇಲೆ ಡೌಟು,” ಎಂದು ಅವಳು. ಊಟದ ಹೊತ್ತಿಗೂ ಅದೇ ಮಾತು. ವಿಜಯ ನಕ್ಕು, “ಅಪ್ಪನೂ ಗೇಮ್ ಹಿಡ್ಕೊಂಡ್ರಾ? ಮುಗೀತು ಬಿಡು ಈ ಮನೆ ಕತೆ,” ಅಂದ. ಅಕ್ಕಯಮ್ಮ ನಗಲಿಲ್ಲ. “ಅವ್ರ ಜೊತೆ ಮಾತಾಡಕ್ಕೆ ಅವ್ಳೊಬ್ಳಿಗೆ ಪುರ್ಸೊತ್ತು,” ಅಂದಳು. ಅದನ್ನು ಕೂಗಿಯೇ ಹೇಳಿದಳು.

ಹೀಗೆ ತಿಂಗಳು ಕಳೆಯಿತು. ಸಂಕ್ರಾಂತಿ ಹತ್ತಿರವಾದಾಗ ಆದಿನಾರಾಯಣಪ್ಪ ಮನೆಯಲ್ಲಿ ಏನೋ ಬದಲಾದದ್ದನ್ನು ಗಮನಿಸಿದ.

ಮೊದಲು ಕಣ್ಣಿಗೆ ಬಿದ್ದದ್ದು ಅಕ್ಕಯಮ್ಮ. ಅವಳು ಮೆಲ್ಲಗೆ ಮಾತಾಡುತ್ತಿದ್ದಳು. ಮೂವತ್ತೈದು ವರ್ಷದಲ್ಲಿ ಅವಳು ದನಿ ತಗ್ಗಿಸಿದ್ದನ್ನು ಅವನು ಕಂಡಿರಲಿಲ್ಲ. ಊಟಕ್ಕೆ ಕೂತಾಗ ಮೂವರ ತುಟಿಗಳೂ ಚಿಕ್ಕದಾಗಿ ಆಡುತ್ತಿದ್ದವು. ಅವನು ತಲೆ ಎತ್ತಿದರೆ ನಿಲ್ಲುತ್ತಿದ್ದವು. ಅಟ್ಟದಿಂದ ಹಳೆಯ ಕುಕ್ಕರ್ ಇಳಿದು, ತೊಳೆಸಿಕೊಂಡು, ಹೊಸ ರಬ್ಬರ್ ಹಾಕಿಸಿಕೊಂಡಿತು. ಮನೆಯಲ್ಲಿ ಆಗಲೇ ಒಂದು ಕುಕ್ಕರ್ ಇತ್ತು. ವಿಜಯನ ಬೈಕಿನ ಹಿಂದೆ ಒಂದು ದಿನ ಖಾಲಿ ರಟ್ಟಿನ ಪೆಟ್ಟಿಗೆಗಳು ಬಂದವು. ಯಶಸ್ವಿನಿ ಟೇಪು ಹಿಡಿದು ಕಂಪ್ಯೂಟರ್ ಮೇಜಿನ ಉದ್ದ ಅಗಲ ಅಳೆದು ಫೋನಿನಲ್ಲಿ ಬರೆದುಕೊಂಡಳು. ಅಕ್ಕಯಮ್ಮ ಮುಂಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತ ಅಳುತ್ತಿದ್ದಳು. ಅವರೆಕಾಯಿ ಸುಲಿದರೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ.

“ಯಾಕೇ?”

“ಏನಿಲ್ಲ ಬಿಡಿ.”

ದಿನಾ ಮಧ್ಯಾಹ್ನ ಯಶಸ್ವಿನಿ ಪಕ್ಕದಲ್ಲಿ ಕೂತು ನಾಯಿ ಬೊಗಳಿದ್ದು, ಗಾಳಿ ಬೀಸಿದ್ದು ಎಲ್ಲ ಬರೆದು ತೋರಿಸುತ್ತಿದ್ದಳು. ಅವನು ಎರಡು ಸಲ ಅವಳ ಮುಖ ನೋಡಿದ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಹಬ್ಬದ ಹಿಂದಿನ ದಿನ ನಾಲ್ವರೂ ಊಟಕ್ಕೆ ಕೂತಿದ್ದರು. ಆದಿನಾರಾಯಣಪ್ಪ ಮುದ್ದೆ ಮುರಿಯುತ್ತ ಸಾಮಾನ್ಯ ದನಿಯಲ್ಲೇ ಕೇಳಿದ, “ಯಾವತ್ತು ಹೋಗ್ತಿರೋದು?”

ಮೂವರ ಕೈಗಳೂ ತಟ್ಟೆಯಲ್ಲೇ ನಿಂತವು. ವಿಜಯ ತಾಯಿಯ ಮುಖ ನೋಡಿದ. ಆಮೇಲೆ ಅಪ್ಪನ ಎಡಕ್ಕೆ ಸರಿದು ಕೂತ.

“ಯಾರಪ್ಪ ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಅದಕ್ಕೇ ಕೇಳ್ತಿರೋದು.”

“ದಾಬಸ್‌ಪೇಟೆ ಪ್ಲಾಂಟಿಗೆ ಹಾಕವ್ರಪ್ಪ. ಶಿಫ್ಟ್ ಮುಗಿಸ್ಕೊಂಡು ದಿನಾ ಇಷ್ಟು ದೂರ ಬೈಕಲ್ಲಿ ಬರಕ್ಕಾಗಲ್ಲ. ಅಲ್ಲೇ ಒಂದು ಮನೆ ನೋಡಿದೀವಿ. ಮುಂದಿನ ಗುರುವಾರ.” ವಿಜಯ ತಾಯಿಯ ಕಡೆ ತಿರುಗಿದ. “ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ ಕಣಮ್ಮ!”

“ನಾನ್ಯಾಕೆ ಹೇಳ್ಲಿ?” ಅಕ್ಕಯಮ್ಮನ ದನಿ ಹಳೆಯ ಎತ್ತರಕ್ಕೆ ಏರಿತು. “ಹೋಗೋರು ನೀವು. ಹೇಳೋಳು ನಾನಾ? ಕೇಳಿ ಅವ್ರು ಊಟ ಬಿಟ್ರೆ ನೋಡೋಳು ಯಾರು?”

“ಎರಡು ವಾರ ಆಯ್ತಲ್ಲಮ್ಮ!”

“ಎರಡು ವಾರ ನಿನ್ ಬಾಯಿಗೇನು ಬೀಗ ಹಾಕಿದ್ರಾ?”

“ಇವ್ರು ಹೇಳ್ತೀನಿ ಅಂದಿದ್ರು ಅತ್ತೆ, ಅದಕ್ಕೆ ನಾನು...” ಎಂದು ಯಶಸ್ವಿನಿ ಶುರು ಮಾಡಿದಳು.

ಆದಿನಾರಾಯಣಪ್ಪ ಅವಳ ಕಡೆ ತಿರುಗಿದ. “ಅವ್ರಿಬ್ರ ಮಾತು ಬಿಡು. ನೀನು ದಿನಾ ನನ್ ಪಕ್ಕದಲ್ಲೇ ಕೂತಿದ್ಯಲ್ಲವ್ವ.”

ಬೈಗುಳವಿರಲಿಲ್ಲ ಅದರಲ್ಲಿ. ಆದರೂ ಯಶಸ್ವಿನಿ ತಟ್ಟೆ ಬಿಟ್ಟು ಎದ್ದು ಹೋದಳು. ಅವನು ಮಾತ್ರ ಕೂತು ತನ್ನ ಪಾಲಿನ ಮುದ್ದೆಯನ್ನು ಪೂರ್ತಿ ಉಂಡ. ಊಟ ಬಿಡುತ್ತಾನೆಂದು ಯಾರೂ ಹೇಳಬಾರದು.

ಆ ವಾರ ಅವನು ಕೋಣೆಗೆ ಹೋಗಲಿಲ್ಲ. ಮಧ್ಯಾಹ್ನ ಹೆಂಡತಿಯ ಜೊತೆ ಮೇವಿಗೆ ಹೋದ. ಯಶಸ್ವಿನಿ ಒಂದು ದಿನ ಅವನ ಎಡಗಿವಿಯ ಹತ್ತಿರ ಬಂದು, “ಇನ್ನೆರಡೇ ಭಾಗ ಐತೆ ಮಾವ, ಮುಗಿಸ್ಬಿಡಣ ಬನ್ನಿ,” ಎಂದು ಕರೆದಳು. ಕೇಳಿಸಿತು. ಕೇಳಿಸದವನಂತೆ ಕುಡುಗೋಲು ತೆಗೆದುಕೊಂಡ. ಕಿವುಡನೆಂದು ಅವನು ನಟಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಗುರುವಾರ ಟೆಂಪೋ ಬಂತು. ಮಂಚ, ಕುಕ್ಕರ್, ಬಟ್ಟೆಯ ಗಂಟು, ಕೊನೆಗೆ ಹಳೆಯ ರಗ್ಗಿನಲ್ಲಿ ಸುತ್ತಿದ ಕಂಪ್ಯೂಟರ್. ಯಶಸ್ವಿನಿ ಕಾಲಿಗೆ ಬಿದ್ದಾಗ ಅವನು ತಲೆ ಮುಟ್ಟಿ, “ಹುಷಾರು,” ಅಂದ. ಅಷ್ಟೇ.

ಆಮೇಲೆ ಮನೆ ಅಂದರೆ ಇಬ್ಬರು, ಒಂದು ಹಸು. ಅಕ್ಕಯಮ್ಮ ಫೋನಿನಲ್ಲಿ ಮಗನ ಜೊತೆ ಮಾತಾಡುತ್ತಿದ್ದಳು. ಅವನು ಎದುರು ಕೂತು ಅವಳ ಮುಖ ನೋಡುತ್ತಿದ್ದ. ಮಾತು ಮುಗಿದ ಮೇಲೆ ಅವಳು, “ಚೆನ್ನಾಗವ್ರಂತೆ,” ಎಂದು ಒಂದು ಮಾತು ಕೂಗಿ ಒಳಗೆ ಹೋಗುತ್ತಿದ್ದಳು. ಹತ್ತು ನಿಮಿಷದ ಮಾತಿನಲ್ಲಿ ಅವನ ಪಾಲಿಗೆ ಬಂದದ್ದು ಅದೊಂದು. ಮೂರು ಹೊತ್ತೂ ಎರಡೇ ತಟ್ಟೆ ಬೀಳುತ್ತಿದ್ದವು. ಅಕ್ಕಯಮ್ಮ ಅಕ್ಕಿ ಅಳೆಯುವಾಗ ಈಗಲೂ ಮೂರನೇ ಪಾವಿಗೆ ಕೈ ಹಾಕಿ, ಹಿಂದೆ ಸುರಿಯುತ್ತಿದ್ದಳು. ಮಧ್ಯಾಹ್ನ ಎರಡೂವರೆಗೆ ಅವನ ಕಾಲು ತಾನಾಗಿ ಬೀದಿಕೋಣೆಯ ಕಡೆ ನಡೆಯುತ್ತಿತ್ತು. ಅಲ್ಲಿ ಮೇಜಿನ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಉಳಿದಿದ್ದವು. ಒಬ್ಬ ಮಾಸ್ಟರು, ಹೆಂಡತಿ, ಎರಡು ಮಕ್ಕಳು, ಒಂದು ಮುದುಕಿ ಯಾಕೆ ಎದ್ದು ಹೋದರು? ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಹಾಸಿಗೆಯಲ್ಲಿ ಅದೇ ಯೋಚನೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸೊಸೆ ಕರೆದಾಗ ಕುಡುಗೋಲು ತೆಗೆದುಕೊಂಡು ಹೋದದ್ದು ನೆನಪಾಗಿ ಮೈ ಕುಗ್ಗುತ್ತಿತ್ತು.

ಮೂರು ವಾರ ಕಳೆದ ಮೇಲೆ, ಒಂದು ಬುಧವಾರ ಬೆಳಗ್ಗೆ, ಅಕ್ಕಯಮ್ಮ ಡೇರಿಗೆ ಹೋಗಿದ್ದಾಗ ಅವನು ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ದೊಡ್ಡಬಳ್ಳಾಪುರದಲ್ಲಿ ಇಳಿದು ದಾಬಸ್‌ಪೇಟೆಯ ಬಸ್ಸು ಹಿಡಿದ. ವಿಜಯ ಬರೆದಿಟ್ಟಿದ್ದ ವಿಳಾಸದ ಚೀಟಿ ಜೇಬಿನಲ್ಲಿತ್ತು. ಲಾರಿಗಳು ನಿಲ್ಲುವ ಬಯಲು ದಾಟಿ, ಚೀಟಿ ತೋರಿಸುತ್ತ ತೋರಿಸುತ್ತ, ಎರಡನೇ ಮಹಡಿಯ ಬಾಗಿಲು ತಟ್ಟುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು.

ಯಶಸ್ವಿನಿ ಬಾಗಿಲು ತೆರೆದವಳು ಅವನ ಹಿಂದೆ ನೋಡಿದಳು. “ಅತ್ತೆ?”

“ಬಂದಿಲ್ಲ.”

“ಒಬ್ರೇ ಬಂದ್ರಾ ಮಾವ? ಹೇಳಿ ಬಂದ್ರಾ?”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವಳು ತಕ್ಷಣ ಅತ್ತೆಗೆ ಫೋನು ಮಾಡಿದಳು. ಫೋನನ್ನು ಕಿವಿಯಿಂದ ದೂರ ಹಿಡಿದದ್ದು ನೋಡಿ, ಅಕ್ಕಯಮ್ಮ ಅಷ್ಟು ಹೊತ್ತಿಗೆ ಊರೆಲ್ಲ ಹುಡುಕಿದ್ದಾಳೆಂದು ಅವನಿಗೆ ಗೊತ್ತಾಯಿತು.

ಒಂದೇ ಕೋಣೆ, ಒಂದು ಅಡುಗೆಮನೆ. ಲಾರಿಗಳ ಧೂಳಿಗೆ ಕಿಟಕಿ ಮುಚ್ಚಿಯೇ ಇತ್ತು. ವಿಜಯ ಶಿಫ್ಟಿಗೆ ಹೋಗಿದ್ದ. ಯಶಸ್ವಿನಿ ಚಿತ್ರಾನ್ನ ಕಲಸಿ ಕೊಟ್ಟಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. “ಇಲ್ಲಿ ಯಾರ ಪರಿಚಯನೂ ಇಲ್ಲ ಮಾವ,” ಅಂದಳು. “ಇವ್ರು ಬಂದ್ ತಕ್ಷಣ ಮಲಗ್ತಾರೆ. ಅತ್ತೆ ಬಯ್ಯೋದೇ ವಾಸಿ ಇತ್ತು.” ನಗಲು ನೋಡಿದಳು. ಆಮೇಲೆ ಅಂದಳು, “ಅವತ್ತೇ ಹೇಳ್ಬೇಕಿತ್ತು ನಾನು. ಹೇಳಿದ್ರೆ ನೀವು ಆಟಕ್ಕೆ ಬರಲ್ವೇನೋ ಅಂತ ಭಯ ಆಯ್ತು.”

“ನಾನೂ ಕೇಳಿಸ್ದೇ ಇರೋನ ಥರ ಹೋದೆ. ಕೇಳಿಸಿತ್ತು,” ಅಂದ ಆದಿನಾರಾಯಣಪ್ಪ.

ಆಮೇಲೆ ಅವಳು ಕಂಪ್ಯೂಟರ್ ಹಾಕಿದಳು.

ಅವನೇ ಆಡಿದ. ಅವಳು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಳು. ಮೆಟ್ಟಿಲ ಕಲೆ ರಕ್ತವಲ್ಲ, ಒಡೆದ ಔಷಧಿ ಬಾಟಲಿಯದು. ಬಾವಿಯ ಹಗ್ಗ ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಗಾಡಿಯಲ್ಲಿ ಸಿಕ್ಕಿತು. ಅದರಿಂದ ಒಂದು ಪುಟ್ಟ ಹಾಸಿಗೆಯನ್ನು ಗಾಡಿಗೆ ಬಿಗಿದಿದ್ದರು. ಯಾರೂ ಯಾರನ್ನೂ ಕೊಂದಿರಲಿಲ್ಲ. ಚಿಕ್ಕ ಮಗಳಿಗೆ ಊಟಕ್ಕೆ ಕೂತಲ್ಲೇ ಜ್ವರ ನೆತ್ತಿಗೇರಿ ಮೈ ಸೆಟೆದುಕೊಂಡಿತ್ತು. ಮನೆಮಂದಿಯೆಲ್ಲ ಮಂಜಿನಲ್ಲಿ ಗಾಡಿ ತಳ್ಳಿಕೊಂಡು ಕೆಳಗಿನೂರಿನ ಆಸ್ಪತ್ರೆಗೆ ಇಳಿದಿದ್ದರು. ಕೊನೆಗೆ ಆಸ್ಪತ್ರೆಯ ಬಾಗಿಲು, ಮೆಟ್ಟಿಲ ಮೇಲೆ ಐದು ಜೊತೆ ಚಪ್ಪಲಿ. ಪರದೆ ಬೆಳ್ಳಗಾಗಿ, ಆಟ ಮಾಡಿದವರ ಹೆಸರುಗಳು ಮೇಲೇರತೊಡಗಿದವು. ಸಾವಿರಾರು ಹೆಸರು. ಅವನು ಎಲ್ಲ ಮುಗಿಯುವವರೆಗೂ ಕೂತಿದ್ದ.

ಆಡುವಾಗಲೇ ಅವನಿಗೊಂದು ತಿಳಿದಿತ್ತು. ಯಶಸ್ವಿನಿ ಒಂದು ಸಲವೂ ‘ಅಲ್ಲಿ ನೋಡಿ’ ಅಂದಿರಲಿಲ್ಲ. ಗಾಡಿ ಕಂಡಾಗ ಅವಳು ಪರದೆಯನ್ನಲ್ಲ, ಅವನ ಮುಖವನ್ನು ನೋಡಿದ್ದಳು.

“ನೀನು ಮುಗ್ಸಿದ್ದೆ ಅಲ್ವಾ?”

ಅವಳು ತಲೆ ಆಡಿಸಿದಳು. “ಬಂದ ಮೊದಲ್ನೇ ವಾರನೇ. ಮುಗಿದ್ಮೇಲೆ ಯಾರಿಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ ಮಾವ.”

ಅವಳೇ ಬಸ್ಸಿನವರೆಗೂ ಬಂದು, ಕಂಡಕ್ಟರಿಗೆ ಹೇಳಿ, ಅವನನ್ನು ಕಿಟಕಿ ಪಕ್ಕ ಕೂರಿಸಿದಳು. “ಹದಿನೈದು ದಿನಕ್ಕೊಂದ್ಸಲ ಬನ್ನಿ. ಇನ್ನೊಂದು ಆಟ ತರ್ಸಿರ್ತೀನಿ,” ಎಂದು ಕಿಟಕಿಯ ಹೊರಗಿಂದ ತುಟಿ ಬಿಡಿಸಿ ಬಿಡಿಸಿ ಹೇಳಿದಳು.

ತೂಬಗೆರೆಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅಕ್ಕಯಮ್ಮ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ಕೈಯಲ್ಲಿ ಟಾರ್ಚು. ಅವಳ ಬಾಯಿ ತೆರೆದದ್ದು ಮನೆ ಬರುವವರೆಗೂ ಮುಚ್ಚಲಿಲ್ಲ. ಆಚೀಚೆ ಮನೆಯವರು ಹೊರಗೆ ಬಂದು ನೋಡಿದರು. ಅವನಿಗೆ ಅಷ್ಟಿಷ್ಟು ಮಾತ್ರ ಕೇಳಿಸಿತು: ಹೇಳ್ದೆ ಹೋಗೋದಾ, ಕೆರೆ ಏರಿ ಮೇಲೂ ನೋಡ್ಕೊಂಡು ಬಂದೆ, ಎದೆ ಒಡ್ದೋಯ್ತು. ಅವನು ತಲೆ ತಗ್ಗಿಸಿ ನಡೆದ.

ಮುದ್ದೆ, ಉಪ್ಸಾರು. ಅವಳು ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು.

“ಅಂಥಾದ್ದು ಏನಿತ್ತು ಅಲ್ಲಿ?”

ಅವನು ಹೇಳತೊಡಗಿದ. ಬೆಟ್ಟ, ಮಂಜು, ಐದು ತಟ್ಟೆ, ಉಲ್ಟಾ ಪರದೆ, ಹಗ್ಗ. ಅವಳು ಮೊದಲು ಮುಖ ತಿರುಗಿಸಿಯೇ ಇದ್ದಳು. ಜ್ವರ ಬಂದ ಮಗುವನ್ನು ಗಾಡಿಗೆ ಬಿಗಿದ ಮಾತು ಬಂದಾಗ ತಿರುಗಿದಳು. ಮಣೆ ಎಳೆದುಕೊಂಡು ಅವನ ಎಡಕ್ಕೆ ಬಂದು ಕೂತಳು.

“ಮಗು ಉಳೀತಾ?”

“ಅದ ಹೇಳಲ್ಲ ಅವ್ರು. ಆಸ್ಪತ್ರೆ ಬಾಗ್ಲಿಗೇ ನಿಲ್ಲಿಸ್ತಾರೆ.”

“ಅದೇನು ಮಾಡೋದೋ ಪಾಪಿಗಳು!” ಎಂದು ಅವಳು ಯಾರನ್ನೋ ಬೈದಳು. ಒಂದು ತುತ್ತು ಮುರಿದುಕೊಂಡು, ಮತ್ತೆ ಕೇಳಿದಳು, “ಆಮೇಲೆ?”

ಅದು ಕೇಳಿಸಬೇಕಾಗಿರಲಿಲ್ಲ, ತುಟಿಯಲ್ಲೇ ಕಂಡಿತು. ಆಟದಲ್ಲಿ ಆಮೇಲೆ ಏನೂ ಇರಲಿಲ್ಲ. ಆದರೆ ಅವಳು ತುತ್ತು ಹಿಡಿದು ಕಾಯುತ್ತಿದ್ದಳು.

“ಬೆಳಗ್ಗೆ ಏನಾಯ್ತು ಗೊತ್ತಾ,” ಅಂದ ಆದಿನಾರಾಯಣಪ್ಪ. “ದಾಬಸ್‌ಪೇಟೆ ಇನ್ನೂ ಎರಡು ಮೈಲಿ ಇರೋವಾಗ್ಲೇ ಇಳ್ದುಬಿಟ್ಟೆ ಕಣೇ. ಕಂಡಕ್ಟ್ರು ಏನೋ ಕೂಗ್ದ. ಎಲ್ರೂ ನನ್ ಕಡೆ ನೋಡಿದ್ರು. ಏನಂದೆ ಅಂತ ಕೇಳಕ್ಕೆ ನಾಚ್ಕೆ ಆಯ್ತು. ಇದೇ ಇರ್ಬೇಕು ಅಂತ ಇಳ್ದೆ. ಬಸ್ ಹೋದ್ಮೇಲೆ ನೋಡಿದ್ರೆ, ಬರೀ ರೋಡು. ಲಾರಿ ಹಿಂದೆ ಲಾರಿ. ಒಂದ್ ಕೈಲಿ ಚೀಟಿ ಹಿಡ್ಕೊಂಡು, ಬಿಸ್ಲಲ್ಲಿ...”

ಇಂಥದ್ದನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಅಕ್ಕಯಮ್ಮ ತುತ್ತನ್ನು ತಟ್ಟೆಗೆ ಇಳಿಸಿದಳು. ಕೂಗಲಿಲ್ಲ. ಅವನ ತೊಡೆಯ ಮೇಲೆ ಎಡಗೈ ಇಟ್ಟು, ಇನ್ನಷ್ಟು ಹತ್ತಿರ ಸರಿದು, ಹೇಳಿ ಎಂಬಂತೆ ತಲೆ ಆಡಿಸಿದಳು. ಅವನು ಹೇಳುತ್ತ ಹೋದ.